ಮೂಗಿನಿಂದ ಪುಟ ತಿರುವುವ ಅತ್ತೆ

ಓದಿನಲ್ಲಿ ನಮ್ಮ ಸೋದರತ್ತೆಯನ್ನು ಮೀರಿಸುವವರು ಇಡೀ ಶ್ರೀನಿವಾಸಪುರ ತಾಲ್ಲೂಕಿನಲ್ಲಿಲ್ಲ. ದಿನಕ್ಕೆ ಸಾವಿರ ಪುಟ ಓದದಿದ್ದರೆ ಅವಳಿಗೆ ಊಟ ಸೇರುವುದಿಲ್ಲ! ಅವಳ ಒಂದು ಪುಟದಲ್ಲಿ ಒಂಬತ್ತೇ ಪದ ಇರುತ್ತವೆ ಎಂಬುದು ಬೇರೆ ಮಾತು. ಕಣ್ಣು ಮಂಜಾಗಿ ಎರಡು ವರ್ಷ ಪುಸ್ತಕ ಮುಚ್ಚಿಟ್ಟಿದ್ದವಳಿಗೆ, ಅಕ್ಷರವನ್ನು ಬೇಕಾದಷ್ಟು ದಪ್ಪ ಮಾಡಿಕೊಳ್ಳುವ ಇ-ರೀಡರ್ ತಂದುಕೊಟ್ಟವನು ನಾನೇ, ಮುಳಬಾಗಿಲಿನ ಮೇಷ್ಟ್ರು. ಅದಕ್ಕೆ ನನಗೆ ಸಿಕ್ಕ ಬಹುಮಾನ ಕೇಳಿ.

"ಇದರಲ್ಲಿ ಸಾವಿರ ಪುಸ್ತಕ ಹಿಡಿಸುತ್ತೆ ಅತ್ತೆ" ಎಂದೆ. ಮಾವಿನ ವ್ಯಾಪಾರ ಕಂಡವಳು ಬಾಯಿಮಾತು ನಂಬುತ್ತಾಳೆಯೇ? ಗೌನಿಪಲ್ಲಿಯ ತನ್ನ ತೋಪಿನಲ್ಲಿ ಕಾಯಿ ತೂಗುವ ಯಂತ್ರದ ಮೇಲೆ ಅದನ್ನಿಟ್ಟಳು. ನನ್ನಿಂದ ಮೂರು ಕಾದಂಬರಿ ತುಂಬಿಸಿ ಮತ್ತೊಮ್ಮೆ ಇಟ್ಟಳು.

"ಏನ್ಲಾ, ಒಂದು ಗ್ರಾಮೂ ಏರಿಲ್ಲ! ಇಷ್ಟು ಓದಿರೋ ನಿನಗೇ ಟೋಪಿ ಹಾಕಿದಾರಲ್ಲೋ!"

ಇಷ್ಟಕ್ಕೂ ಓದಿನ ಅವಸರ ಅವಳಿಗೆ ತನಗಾಗಿ ಇರಲಿಲ್ಲ. ತೋಪಿನ ಕೆಲಸಕ್ಕೆ ಬರುತ್ತಿದ್ದ ವೆಂಕಟಮ್ಮ ಹೋದ ವರ್ಷ ಜ್ವರದಲ್ಲಿ ಮಗಳನ್ನು ಕಳೆದುಕೊಂಡು, ಅಂದಿನಿಂದ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅತ್ತೆಯೇ ಅವಳ ಮನೆಗೆ ಹೋಗಿ ಕೈಹಿಡಿದು ಕರೆತಂದಳು. "ಕೆಲಸ ಮಾಡದಿದ್ರೂ ಪರವಾಗಿಲ್ಲ ಕಣೋ. ಕತೆ ಕೇಳ್ತಾ ಕೇಳ್ತಾ ಒಂದು ಮಾತಾಡಿದ್ರೆ ಸಾಕು" ಎಂದು ನನಗೆ ಹೇಳಿದಳು.

ಕೊಯ್ಲು ಶುರುವಾಯಿತು. ಅತ್ತೆ ಇ-ರೀಡರಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ ಕೊಂಬೆಗೆ ಕಟ್ಟಿದಳು. ಅದರ ಕೆಳಗೆ ಕೂತು ಕಾಯಿ ವಿಂಗಡಿಸುತ್ತ ಓದು. ಕೈಯೆಲ್ಲ ಮಾವಿನ ಸೊನೆ, ಹಾಗಾಗಿ ಪುಟ ತಿರುವುವುದು ಮೂಗಿನಿಂದ! ದೂರದಿಂದ ನೋಡಿದ ಲಾರಿ ಡ್ರೈವರ್, "ಅಮ್ಮಾವ್ರು ಬೆಳಿಗ್ಗೆಯಿಂದ ಆ ಮರಕ್ಕೆ ತಲೆ ಬಗ್ಗಿಸ್ತಾನೇ ಅವ್ರೆ, ಏನು ಹರಕೆ?" ಎಂದು ಕೇಳಿದನಂತೆ.

ಸುತ್ತ ಕೂತ ಆರು ಹೆಂಗಸರ ಮನೆಮಾತು ತೆಲುಗು, ಪುಸ್ತಕವೋ ಕನ್ನಡ. ಅತ್ತೆ ಕಣ್ಣಲ್ಲಿ ಕನ್ನಡ ಓದುತ್ತಾಳೆ, ಬಾಯಲ್ಲಿ ತೆಲುಗು ಹೇಳುತ್ತಾಳೆ. ಇಂಥ ಅನುವಾದಕಿ ಯಾವ ವಿಶ್ವವಿದ್ಯಾಲಯದಲ್ಲಿದ್ದಾಳೆ, ತೋರಿಸಿ ನೋಡೋಣ! ಎಷ್ಟು ಓದಾಯಿತೆಂದು ಪರದೆಯ ಅಡಿಯಲ್ಲಿ ಬೀಳುವ ಶೇಕಡಾ ಲೆಕ್ಕ ಬಂದಮೇಲೆ ತೋಪಿಗೆ ಗಡಿಯಾರವೇ ಬೇಡವಾಯಿತು. ದಿನಾ ಮೂರು ಪರ್ಸೆಂಟ್ ಏರಿದರೆ ಟೀ, ಆರು ಏರಿದರೆ ಊಟ! ಪ್ರತಿ ಪರ್ಸೆಂಟಿಗೂ ಅತ್ತೆ ವೆಂಕಟಮ್ಮನ ಕಡೆ ಒಮ್ಮೆ ನೋಡುತ್ತಿದ್ದಳು. ಅವಳು ತಲೆ ತಗ್ಗಿಸಿ ಕಾಯಿ ಒರೆಸುತ್ತಿದ್ದಳು, ಅಷ್ಟೇ.

ಮೊನ್ನೆ ರಜೆಗೆ ಹೋದಾಗ ನಾನೂ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ತೊಂಬತ್ತಾರು ಪರ್ಸೆಂಟ್ ಆಗಿತ್ತು. ಕತೆಯ ಹುಡುಗಿಗೆ ಜ್ವರ ಏರಿತ್ತು. ಎಲ್ಲರ ಕೈಗಳೂ ನಿಂತವು. ವೆಂಕಟಮ್ಮ ಮೊದಲ ಸಲ ತಲೆ ಎತ್ತಿದಳು. ಅತ್ತೆ ಮೂಗು ಒತ್ತಿದಳು, ಹೊಸ ಪುಟ ನೋಡಿದಳು, ವೆಂಕಟಮ್ಮನ ಮುಖ ನೋಡಿದಳು. ಆ ದಪ್ಪ ಅಕ್ಷರಗಳು ನನಗೂ ಕಂಡವು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಿದ್ದಳು.

ಅತ್ತೆ ತೆಲುಗಿನಲ್ಲಿ ಮುಂದುವರಿಸಿದಳು. ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು, ಹುಡುಗಿ ಎದ್ದು ಕೂತಳು, ಅಮ್ಮನ ಸೆರಗು ಹಿಡಿದು ಹಸಿವು ಎಂದಳು. ಹೀಗೆ ಅರ್ಧ ಗಂಟೆ ಹೇಳಿದಳು. ಅಷ್ಟು ಹೊತ್ತೂ ಒಂದು ಪುಟ ತಿರುಗಲಿಲ್ಲ. ನನ್ನ ಅತ್ತೆ ಎಂದು ಎದೆ ತಟ್ಟಿಕೊಂಡು ಕೂಗಬೇಕೆನಿಸಿತು ನನಗೆ.

"ತಿನಿಂದಾ ಅಕ್ಕಾ?"

ಆ ಹುಡುಗಿ ಊಟ ಮಾಡಿದಳಾ ಎಂದು ಕೇಳಿದವಳು ವೆಂಕಟಮ್ಮ. ವರ್ಷದಿಂದ ಬಳಸದ ದನಿ ಒಡೆದು ಬಂದಿತ್ತು.

"ಕಡುಪು ನಿಂಡಾ ತಿನಿಂದಮ್ಮಾ" ಎಂದಳು ಅತ್ತೆ. ಹೊಟ್ಟೆ ತುಂಬ ತಿಂದಳಮ್ಮಾ.