ನಮ್ಮ ಕೆರೆಯ ಜೊಂಡು ಉಳಿಸಿದ ಬಗೆ

ಹಕ್ಕಿ ಎಣಿಸುವವರಿಗೆ ಹಕ್ಕಿಗಳಿಂದ ಯಾವ ತೊಂದರೆಯೂ ಇಲ್ಲ. ಪಾಪ, ಅವು ತಮ್ಮ ಪಾಡಿಗೆ ಇರುತ್ತವೆ. ಎಡವಟ್ಟೆಲ್ಲ ರೆಕ್ಕೆಯಿಲ್ಲದ ಎರಡು ಕಾಲಿನ ಜಾತಿಯಿಂದ. ಅಂಜನಾಪುರದ ಹಿನ್ನೀರಿನಿಂದ ಉಳವಿ ಕಡೆಯ ಕೆರೆಗಳವರೆಗೆ ಬೈನಾಕುಲರ್ ಹೊತ್ತು ತಿರುಗುವ ನನಗೆ ಇದು ದಿನಾ ಆಗುವ ಜ್ಞಾನೋದಯ. ಅದರಲ್ಲೂ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಗಡಿಯಲ್ಲಿರುವ ಒಂದು ಕೆರೆಯದ್ದು ಹೇಳಲೇಬೇಕು. ಅಲ್ಲಿನ ಜೊಂಡನ್ನೆಲ್ಲ ಬೇರುಸಹಿತ ಕಿತ್ತು, ಸುತ್ತ ಕಲ್ಲು ಹಾಸಿ, ವಾಕಿಂಗ್ ಪಾತ್ ಮಾಡುವ ಯೋಜನೆ ಬಂದಿತ್ತು. ದಿನವಿಡೀ ಗದ್ದೆಯಲ್ಲಿ ನಡೆಯುವವರಿಗೆ ವಾಕಿಂಗ್ ಪಾತ್! ಆ ಜೊಂಡಿನಲ್ಲಿ ನೀರುಕೋಳಿ ಗೂಡು ಕಟ್ಟುತ್ತದೆ ಅಂತ ನಾನು ತೋರಿಸಿಕೊಟ್ಟರೆ ಮಾತ್ರ ಅದು ಉಳಿಯುತ್ತಿತ್ತು.

೧. ಬೇಲಿ

ಮೊದಲ ದಿನ ಏರಿ ಮೇಲೆ ಟ್ರೈಪಾಡ್ ಊರಿ ನಿಂತಿದ್ದೆ. ಕೆರೆ ಅಂಚಿನ ಗದ್ದೆಯವರು ಪಹಣಿ ಹಿಡಿದುಕೊಂಡೇ ಓಡಿ ಬಂದರು.

"ಸರ್ವೆನಾ ಮೇಡಂ?"

"ಅಲ್ರೀ, ಹಕ್ಕಿ ಎಣಿಸ್ತಿದೀನಿ."

"ಗೊತ್ತು ಬಿಡ್ರಿ. ಒತ್ತುವರಿ ಅಳೆಯೋಕೆ ಬಂದೋರು ಅಳೀತೀವಿ ಅಂತ ಹೇಳ್ತಾರೇನ್ರೀ?"

ಮರುದಿನ ಹೋದರೆ ಅವರ ಬೇಲಿ ಕೆರೆಯಿಂದ ಹತ್ತು ಮಾರು ಹಿಂದೆ ಸರಿದಿತ್ತು. ನಾನೇನೂ ಕೇಳಲಿಲ್ಲ. ಅವರೇ ಹೇಳಿದರು, "ರಾತ್ರಿ ಗಾಳಿ ಜೋರಿತ್ತು ಮೇಡಂ."

೨. ವಾಸಸ್ಥಳ

ಎರಡು ವರ್ಷ ಎಣಿಸಿದ ಪಟ್ಟಿ ಕೊಡಲು ಸೊರಬದ ಒಂದು ಕಚೇರಿಗೆ ಹೋದೆ. ಗುಮಾಸ್ತರು ಕನ್ನಡಕ ಏರಿಸಿ, "ಈ ಕೊಕ್ಕರೆಗಳು ರಾತ್ರಿ ಎಲ್ಲಿ ಮಲಗ್ತವೆ?" ಅಂದರು.

"ಶಿಕಾರಿಪುರದ ಕಡೆ ಮರಗಳಲ್ಲಿ," ಅಂದೆ. ಸತ್ಯ ಹೇಳುವ ಚಟ ನೋಡಿ.

"ಹಂಗಾದ್ರೆ ಅವು ಆ ತಾಲ್ಲೂಕಿನವು. ಅಲ್ಲೇ ಕೊಡಿ."

ಬಸ್ ಹತ್ತಿ ಶಿಕಾರಿಪುರಕ್ಕೆ ಬಂದೆ. ಇಲ್ಲಿನವರು, "ಮೇಯೋದೆಲ್ಲಿ?" ಅಂದರು.

"ಸೊರಬದ ಕಡೆ."

"ಉಣ್ಣೋದು ಅಲ್ಲಿ, ಲೆಕ್ಕ ಕೊಡೋದು ಇಲ್ಲೇನ್ರೀ?"

ಪಟ್ಟಿ ವಾಪಸ್. ಕೊನೆಗೆ ಎರಡೂ ಕಡೆಯವರು ಒಪ್ಪಿದ್ದು ಒಂದೇ ಮಾತಿಗೆ: ಮೇಲಿನ ಸಾಹೇಬರು ಖುದ್ದು ಬಂದು ನೋಡಲಿ. ಕೊಕ್ಕರೆಗಳು ಮಾತ್ರ ಯಾವ ಕಚೇರಿಗೂ ಅರ್ಜಿ ಹಾಕದೆ ಹಾರಾಡಿಕೊಂಡಿದ್ದವು.

೩. ಸ್ಥಳ ಪರಿಶೀಲನೆ

ಸಾಹೇಬರು ಬರುವ ದಿನ ಗೊತ್ತಾಯಿತು. ಊರಿನ ಹಿರಿಯರೊಬ್ಬರ ಮನೆಗೆ ಹೋಗಿ, "ಯಜಮಾನ್ರೇ, ಅವರಿಗೆ ಹಕ್ಕಿ ಚೆನ್ನಾಗಿ ಕಾಣಬೇಕು. ಎಲ್ಲ ಅದರ ಮೇಲೇ ಇದೆ," ಅಂದೆ.

"ನೀವು ನಿಶ್ಚಿಂತಿಯಿಂದ ಇರ್ರಿ," ಅಂದರು. ಆ ಮಾತು ಕೇಳಿದ ಮೇಲೂ ನಿಶ್ಚಿಂತೆಯಿಂದ ಇದ್ದದ್ದು ನನ್ನದೇ ತಪ್ಪು.

ಬೆಳಗ್ಗೆ ಹೋಗಿ ನೋಡುತ್ತೇನೆ, ಕೆರೆ ಬೋಳು! ಊರಿಗೆ ಊರೇ ಕುಡುಗೋಲು ಹಿಡಿದು ಜೊಂಡನ್ನು ನೀರಿನ ಮಟ್ಟಕ್ಕೆ ಸವರಿ, ಏರಿಗೆ ತೋರಣ ಕಟ್ಟಿ, ಉಪ್ಪಿಟ್ಟು, ಕೇಸರಿಬಾತ್ ಮಾಡಿಕೊಂಡು ಕಾಯುತ್ತಿತ್ತು. ಮರಿಗಳು ಹಿಂದಿನ ತಿಂಗಳೇ ಗೂಡು ಬಿಟ್ಟಿದ್ದವು, ಅದೊಂದೇ ಪುಣ್ಯ. ನನಗೆ ಅಳುವೇ ಬಂತು.

"ಏನ್ರೀ ಇದು ಯಜಮಾನ್ರೇ!"

"ನೀವೇ ಹೇಳಿದ್ರಲ್ಲ, ಹಕ್ಕಿ ಕಾಣ್ಬೇಕು ಅಂತ. ಜೊಂಡು ಅಡ್ಡ ಬರ್ತಿತ್ತು."

ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು, ನೀರು ನೋಡಿದರು. ಒಂದು ಹಕ್ಕಿಯೂ ಇಲ್ಲ.

"ಎಲ್ಲಿದೆಯಮ್ಮಾ ಜೊಂಡು?"

"ಕೊಯ್ದುಬಿಟ್ಟಿದ್ದಾರೆ ಸಾರ್."

ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡ ಮೇಲೆ ಕಡತದಲ್ಲಿ ಬರೆದರು: "ಸ್ಥಳದಲ್ಲಿ ಜೊಂಡು ಇರುವುದಿಲ್ಲ. ಆದ್ದರಿಂದ ಜೊಂಡು ತೆಗೆಯುವ ಯೋಜನೆಯನ್ನು ಕೈಬಿಡಲಾಗಿದೆ."

ನಾನು ಏರಿಯಿಂದ ಇಳಿದು ಬಗ್ಗಿ ನೋಡಿದೆ. ನೀರಿನಡಿ ಬೇರುಗಳು ಹಾಗೇ ಇದ್ದವು. ಒಂದು ಮಳೆಗಾಲ ಕಳೆದರೆ ಜೊಂಡು ಮತ್ತೆ ಆಳೆತ್ತರ. ಯಜಮಾನರು ಹೆಗಲ ಮೇಲಿನ ಟವೆಲ್ ಕೊಡವಿ, ನನ್ನ ಬೈನಾಕುಲರ್ ಕಡೆ ಕನಿಕರದಿಂದ ನೋಡಿದರು.

"ಎರಡು ವರ್ಷ ಅದನ್ನ ಕಣ್ಣಿಗೆ ಒತ್ತಿಕೊಂಡು ನಿಂತ್ರಲ್ಲ ಮೇಡಂ! ಜೊಂಡು ಉಳಿಸಬೇಕು ಅಂತ ಮೊದ್ಲೇ ಒಂದು ಮಾತು ಹೇಳಿದ್ರೆ ಅವತ್ತೇ ಕೊಯ್ದು ಹಾಕ್ತಿದ್ವಿ."