ನನ್ನ ಜಾಣತನಕ್ಕೆ ಸಿಕ್ಕ ದಾಸವಾಳ

ಚಿಕ್ಕೋಡಿಯಲ್ಲಿ ಬೇಸಿಗೆ ಬಂತೆಂದರೆ ಗಿಡಗಳು ಬಾಡುತ್ತವೆ, ನನ್ನ ಜಾಣತನ ಚಿಗುರುತ್ತದೆ. ಪ್ರತಿ ವರ್ಷ ಇದೇ ಪಾಡು. ನಾನು ಹೊಲಿಗೆ ಕಲಿತದ್ದು ಹಳೆಯ ಜಂಪರ್, ಅಂದರೆ ರವಿಕೆಯ, ಹೊಲಿಗೆ ಬಿಚ್ಚಿ ನೋಡಿ, ಓದು ಕಲಿತದ್ದು ಕಿರಾಣಿ ಪೊಟ್ಟಣದ ಕಾಗದ ಬಿಡಿಸಿ. ಮನೆ ಕಟ್ಟಿಸಿದ್ದೂ ಹೊಲಿಗೆಯಿಂದಲೇ. ಹಾಗಾಗಿ ಯಾರಾದರೂ ಬುದ್ಧಿ ಹೇಳಿದರೆ ನನ್ನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಗೃಹಪ್ರವೇಶದ ದಿನ ಗೇಟಿನ ಪಕ್ಕ ನೆಟ್ಟ ಕೆಂಪು ದಾಸವಾಳ ಈ ಸಲದ ಬಿಸಿಲಿಗೆ ಸುರುಟತೊಡಗಿತು. ಪಕ್ಕದ ಮನೆಯ ಚಾಚಿ, ಕುಡಚಿಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವರು, ಗೋಡೆಯಾಚೆಯಿಂದ ಹೇಳಿದರು: “ಬಾಯಾರ, ನಸುಕಿನ್ಯಾಗ ಎರಡು ಕೊಡ ನೀರ ಹಾಕ್ರಿ, ಸಾಕು.”

“ನನಗ ಗೊತ್ತೈತ್ರಿ ಚಾಚಿ, ಪುಸ್ತಕ ಓದೇನಿ. ಈ ಗಿಡ ಒಣಗಿದ್ರ ಓಣಿ ಮಂದಿ ಮುಂದ ನಿಮ್ಮನ್ನ ಗುರು ಅಂತ ಕರೀತೀನಿ!”

ಅಲ್ಲಿಗೆ ನನ್ನ ಮಾನ ಆ ಗಿಡಕ್ಕೆ ಜೋತುಬಿತ್ತು.

೧. ನೀರು

ಮಟಮಟ ಮಧ್ಯಾಹ್ನ ಗಿಡ ತಲೆ ಬಾಗಿಸಿದ್ದು ಕಂಡಿತು. ಹೊಲಿಗೆ ಬಿಟ್ಟು ಓಡಿಬಂದು ಪೈಪು ಹಿಡಿದೆ. ಬೆಳಗಿನಿಂದ ಬಿಸಿಲಲ್ಲೇ ಬಿದ್ದಿದ್ದ ಪೈಪು. ನೀರು ಪಾದಕ್ಕೆ ಸಿಡಿದು ನಾನೇ ಕುಣಿದೆ.

ಚಾಚಿ ಗೋಡೆಯ ಮೇಲೆ ಗದ್ದ ಊರಿದರು. “ಬಾಯಾರ, ಹಂಗ ಒಂದೀಟು ಚಹಾಪುಡಿ, ಸಕ್ರಿ ಹಾಕ್ರಿ. ನಾ ಕಪ್ ತರ್ತೀನಿ.”

೨. ರವದಿ

ಬುಡಕ್ಕೆ ಕಬ್ಬಿನ ಒಣ ಎಲೆ, ಅಂದರೆ ರವದಿ, ಹೊದಿಸಿದರೆ ಮಣ್ಣು ತಂಪಾಗಿರುತ್ತದೆಂದು ಓದಿದೆ. ಕರೋಶಿಯ ರೈತನೊಬ್ಬ ತಂದುಕೊಟ್ಟು, “ನಾಕ ಬೆರಳ ದಪ್ಪ ಸಾಕ್ರಿ,” ಅಂದ. ನಾಲ್ಕು ಬೆರಳಿಗೇ ತಂಪಾದರೆ, ಸೊಂಟದೆತ್ತರ ಹಾಕಿದರೆ ಮಹಾಬಳೇಶ್ವರವೇ ಆಗಬೇಕಲ್ಲ? ಒಟ್ಟಿ, ತುಳಿದು ಗಟ್ಟಿ ಮಾಡಿದೆ.

ಮರುದಿನ ಓಣಿಯ ಆಡೊಂದು ಅದರ ಮೇಲೆ ನಿಂತು, ಇಷ್ಟು ವರ್ಷ ಬಾಯಿಗೆ ಎಟುಕದಿದ್ದ ತುದಿಯ ಚಿಗುರನ್ನು ಸಾವಕಾಶ ಮೇಯುತ್ತಿತ್ತು. ಕೋಲು ಹಿಡಿದು ಬಂದರೂ ಓಡಲಿಲ್ಲ. ಯಾಕೆ ಓಡೀತು? ಕಟ್ಟೆ ಕಟ್ಟಿಸಿ ಊಟಕ್ಕೆ ಕರೆದವಳೇ ನಾನು.

೩. ನೆರಳು

ನಾಲ್ಕು ಕೋಲು ನೆಟ್ಟು, ಹೊಲಿಗೆ ಅಂಗಡಿಯಲ್ಲಿದ್ದ ನನ್ನ ಹಳೆಯ ಹಸಿರು ಸೀರೆಯೆಂದುಕೊಂಡು ಒಂದನ್ನು ಮೇಲೆ ಕಟ್ಟಿದೆ. ಅವಸರದಲ್ಲಿ ಕೈಗೆ ಬಂದದ್ದು ಅದರ ಕೆಳಗಿದ್ದ ಇನ್ನೊಂದು ಹಸಿರು ಸೀರೆ.

ವಾರದ ಮೇಲೆ ನಿಪ್ಪಾಣಿಯ ಗಿರಾಕಿಯೊಬ್ಬರು, ಫಾಲ್ ಹಚ್ಚಲು ಕೊಟ್ಟಿದ್ದ ಸೀರೆ ಒಯ್ಯಲು ಬಂದವರು, ಗೇಟಿನಲ್ಲೇ ನಿಂತುಬಿಟ್ಟರು. ಗಿಡದ ಮೇಲೆ ನೋಡಿದರು, ನನ್ನನ್ನು ನೋಡಿದರು.

“ಫಾಲ್ ಹಚ್ಚೀರಿ?”

“ಹಚ್ಚೇನ್ರಿ.”

“ಹಂಗಾದ್ರ ಮ್ಯಾಚಿಂಗ್ ಜಂಪರೂ ಹೊಲದು ಹಾಕ್ರಿ ನಿಮ್ಮ ದಾಸಾಳಕ್ಕ. ನನಗ ಹೊಸಾ ಸೀರಿ ಕೊಡಸ್ರಿ.”

೪. ಗಡಿಗೆ

ಅಷ್ಟರಲ್ಲಿ ಅಥಣಿಯಲ್ಲಿ ತಂಗಿಯ ಮಗಳ ಮದುವೆ. ಎಂಟು ದಿನ ಹೋಗಲೇಬೇಕು. ಗಿಡದ ಎಲೆ ಅರ್ಧ ಉದುರಿತ್ತು. ಮತ್ತೆ ಪುಸ್ತಕ ತೆಗೆದೆ: ಮಣ್ಣಿನ ಗಡಿಗೆಯನ್ನು ಬೇರಿನ ಪಕ್ಕ ಕುತ್ತಿಗೆಯವರೆಗೆ ಹೂತು ನೀರು ತುಂಬಿದರೆ, ಅದರ ಮೈಯಿಂದ ನೀರು ಜಿನುಗಿ ಬೇರು ಸೇರುತ್ತದೆ. ಗೇಟಿಗೆ ಬಳಿದು ಉಳಿದ ನೀಲಿ ಆಯಿಲ್ ಪೇಂಟ್ ಇತ್ತು. ಹೂಳುವ ಮೊದಲು ಗಡಿಗೆಗೂ ಎರಡು ಸಲ ಬಳಿದೆ. ಮಣ್ಣಿನೊಳಗೆ ಯಾರು ನೋಡುತ್ತಾರೆ ಅನ್ನಬೇಡಿ. ನಾನು ಒಳಹೊಲಿಗೆಯನ್ನೂ ಚಂದ ಹಾಕುವವಳು.

ಗಡಿಗೆ ಹೂತು, ನೀರು ತುಂಬಿ, ಮುಚ್ಚಳ ಮುಚ್ಚಿ, ಗೇಟಿನ ಕೀಲಿ ಚಾಚಿಗೆ ಕೊಟ್ಟೆ. “ನೀರ ಹಾಕಬ್ಯಾಡ್ರಿ ಮತ್ತ. ನನ್ನ ಗಡಿಗಿ ನೋಡ್ಕೋತೈತಿ.”

ಎಂಟು ದಿನದ ಮೇಲೆ ಬೆಳಿಗ್ಗೆ ಬಂದು ನೋಡಿದರೆ ಗಿಡದ ತುಂಬ ಹೊಸ ಚಿಗುರು! ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಗಡಿಗೆಯ ವಿದ್ಯೆಯನ್ನು ಅರ್ಧ ತಾಸು ವಿವರಿಸಿದೆ. “ನೋಡ್ರಿ, ನೀರೆಲ್ಲಾ ಬೇರು ಕುಡದೈತಿ,” ಎಂದು ಮುಚ್ಚಳ ತೆಗೆದೆ.

ಗಡಿಗೆ ಕಂಠದವರೆಗೆ ತುಂಬಿತ್ತು. ಬಣ್ಣ ಬಳಿದ ಮೈಯಿಂದ ಒಂದು ಹನಿಯೂ ಹೊರಬಿದ್ದಿರಲಿಲ್ಲ. ಗಿಡದ ಬುಡ ಮಾತ್ರ ಹಸಿ. ಅಲ್ಲಿಂದ ಚಾಚಿಯ ಬಾಗಿಲವರೆಗೆ ಕೊಡದ ನೀರು ತುಳುಕಿದ ಗೆರೆ.

ಚಾಚಿ ಒಳಗೆ ಹೋಗಿ ಗ್ಲಾಸ್ ತಂದು ನನ್ನ ಕೈಗಿಟ್ಟರು. “ಬಾಯಾರ, ಇಷ್ಟೊತ್ತು ಮಾತಾಡೀರಿ, ಗಂಟಲಾ ಒಣಗಿರ್ತೈತಿ. ಗಡಿಗ್ಯಾಗ ನೀರ ಹಂಗ ಐತಿ, ಕುಡೀರಿ.”

ಗಿಡ ಒಣಗಲಿಲ್ಲ, ಆದ್ದರಿಂದ ಶರತ್ತು ಗೆದ್ದವಳು ನಾನೇ. ಅವರನ್ನು ಗುರು ಅಂತ ಕರೆಯುವ ಮಾತೇ ಬರುವುದಿಲ್ಲ. ಈ ಮಾತನ್ನು ಈಗಲೂ ಚಾಚಿಗೆ ದಿನಾ ಹೇಳುತ್ತೇನೆ, ನಸುಕಿನಲ್ಲಿ ಎದ್ದು ಎರಡು ಕೊಡ ನೀರು ಹಾಕುತ್ತ.