ಗೋಡೆಗೆ ಕಿಂಡಿ ಬಿಡದವಳು

ಕಟ್ಟಡ ನೋಡಿ ಸಹಿ ಹಾಕುವುದು ನನ್ನ ಕೆಲಸ. ಒಂದು ಕಡೆ ಹತ್ತಿದ ಬೆಂಕಿ ಗೋಡೆ ದಾಟಿ ಇನ್ನೊಂದು ಕಡೆ ಹೋಗಬಾರದು, ಗೋಡೆಗೆ ಅಂಟಿಸಿದ್ದು ಬೆಂಕಿಗೆ ಮೇವಾಗಬಾರದು. ನಿಯಮ ಇಷ್ಟೇ. ನಮ್ಮ ಅಣ್ಣಿಗೇರಿ, ಕುಂದಗೋಳದ ಮಂದಿಗೆ ಇದನ್ನು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ನಾನು ಬೆನ್ನು ತಿರುಗಿಸಿದ ಕೂಡಲೇ ಗೋಡೆಗೆ ತೂತು ಹಾಕುತ್ತಾರೆ. ಕೆಲಸಕ್ಕೆ ಸೇರಿದಾಗಿನಿಂದ ಇದೇ ಪಾಡು. ಅವರೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಈ ವರ್ಷವಂತೂ ಈ ಜಗಳ ನನ್ನ ಮಗಳ ಮದುವೆಗೇ ಬಂದು ಕೂತಿತು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲೇ ಹೇಳಿದರೆ ಸಿಟ್ಟಿನಲ್ಲಿ ಉಳಿದದ್ದು ಮರೆತುಹೋಗುತ್ತದೆ.

ಚಾ ಬರುವ ದಾರಿ

ಅಣ್ಣಿಗೇರಿ ಹತ್ತಿರ ಒಂದು ಹತ್ತಿ ಜಿನ್, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಯಂತ್ರಗಳ ಕೋಣೆಗೂ ಹತ್ತಿ ಒಟ್ಟುವ ಗೋದಾಮಿಗೂ ನಡುವೆ ದಪ್ಪ ಗೋಡೆ ಇರಬೇಕು. ಇತ್ತು. ಅದರಲ್ಲೊಂದು ಕಿಂಡಿಯೂ ಇತ್ತು. ಚಾದಂಗಡಿ ಯಂತ್ರದ ಕಡೆ, ಹಮಾಲರು ಗೋದಾಮಿನ ಕಡೆ. ಸುತ್ತು ಹಾಕಿ ತಂದರೆ ಚಾ ಆರುತ್ತದಂತೆ. ಯಂತ್ರದ ಒಂದು ಕಿಡಿ ಆ ಕಿಂಡಿಯಿಂದ ಹಾರಿದರೆ ಗೋದಾಮೇ ಬೂದಿ ಎಂದು ಬೈದು, ಮುಚ್ಚಬೇಕೆಂದು ಬರೆದುಕೊಟ್ಟು ಬಂದೆ.

ತಿಂಗಳು ಬಿಟ್ಟು ಹೋದರೆ ಆ ಕಿಂಡಿ ಮುಚ್ಚಿತ್ತು, ಎರಡು ಮೊಳ ಆಚೆ ಹೊಸದೊಂದು ತೆರೆದಿತ್ತು. ಮಾಲೀಕರನ್ನು ಕೇಳಿದೆ.

"ನೀವು ಬರಕೊಟ್ಟ ಕಿಂಡಿ ಮುಚ್ಚೇವ್ರಿ ಮೇಡಮ್ಮಾರ," ಅಂದರು. "ಈ ಕಿಂಡಿ ಬಗ್ಗೆ ನೀವು ಏನೂ ಬರದಿದ್ದಿಲ್ಲ."

ನಾನು ಗೌಂಡಿಯನ್ನು ಕರೆಸಿದೆ. ಗೋದಾಮಿನ ಕಡೆ ಕುರ್ಚಿ ಹಾಕಿಸಿಕೊಂಡು ಕೂತೆ, ಮುಚ್ಚುವ ತನಕ ಏಳುವುದಿಲ್ಲ ಎಂದೆ. ಕೊನೆಯ ಇಟ್ಟಿಗೆ ಉಳಿದಾಗ ಆ ಸಂದಿನಿಂದ ನನಗೂ ಒಂದು ಕಪ್ ಚಾ ಬಂತು. ಬಿಸಿ ಬಿಸಿ, ಅಗದಿ ಛಲೋ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಕುಡಿದು ಮುಗಿಸುವಷ್ಟರಲ್ಲಿ ಗೌಂಡಿ ಇಟ್ಟಿಗೆ ಇಟ್ಟುಬಿಟ್ಟ. ಖಾಲಿ ಕಪ್ ವಾಪಸ್ ಕೊಡಲು ಇಡೀ ಜಿನ್ ಸುತ್ತಿಕೊಂಡು ಹೋದೆ. ಹಮಾಲರೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಂತು ನೋಡಿದರು.

ಬೆಕ್ಕಿನ ಪಾಲು

ಕುಂದಗೋಳದ ಕಡೆ ಅಣ್ಣ-ತಮ್ಮ ಇಬ್ಬರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದರು. ಅಂಥ ಗೋಡೆ ಸಂದಿಲ್ಲದೆ ಮಾಡಿನ ತನಕ ಹೋಗಬೇಕು. ಮಾತು ಬಿಟ್ಟು ವರ್ಷವಾದ ಮಂದಿ, ಗೋಡೆಯನ್ನಾದರೂ ಗಟ್ಟಿ ಕಟ್ಟಿಸಿರುತ್ತಾರೆ ಎಂದು ನಿಶ್ಚಿಂತೆಯಿಂದ ಹೋದೆ. ನೋಡಿದರೆ ತಗಡಿನ ಕೆಳಗೆ ಒಂದು ಗೇಣು ಸಂದು. ಬೆಂಕಿ ಮೊದಲು ಹುಡುಕುವುದೇ ಅಂಥದ್ದನ್ನು.

ಅದು ಬೆಕ್ಕಿಗಂತೆ. ಹೊಲ, ಎತ್ತು, ಹಂಡೆ, ಕೊಡ ಎಲ್ಲಾ ಪಾಲಾಗಿವೆ, ಅವ್ವ ಸಾಕಿದ ಬೆಕ್ಕು ಮಾತ್ರ ಇಬ್ಬರದೂ. ಬೆಳಿಗ್ಗೆ ಅಣ್ಣನ ಮನೆಯ ಹಾಲು, ಸಂಜೆ ತಮ್ಮನ ಮನೆಯದು. ಬೆಕ್ಕು ಮುಂಬಾಗಿಲಿನಿಂದ ಓಡಾಡಲಿ, ಸಂದು ಮುಚ್ಚಿ ಎಂದೆ. ತಮ್ಮ ತನ್ನ ಮುಂಬಾಗಿಲಿಗೆ ಅಡ್ಡ ನಿಂತ.

"ಅಣ್ಣನ ಮನಿ ಬಾಗಲಾ ದಾಟಿ ಬಂದದ್ದನ್ನ ನಮ್ಮ ಬಾಗಲದಾಗ ಹೆಂಗ ಕರಕೊಳ್ಳೂದ್ರಿ? ಓಣ್ಯಾಗ ನಮ್ಮ ಮರ್ಯಾದಿ ಏನಾಗಬೇಕು?"

ಮಗಳ ಮದುವೆಯ ಗೋಡೆ

ಮಗಳ ಮದುವೆಗೆ ಗಂಡಿನ ಕಡೆಯವರು ಹಿಡಿದದ್ದು ನವಲಗುಂದದ ಹಾದಿಯಲ್ಲಿ ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪ. ಮದುವೆಗೆ ಹತ್ತು ದಿನ ಇದ್ದಾಗ ಆ ಮಂಟಪದ ಫೈಲೇ ನನ್ನ ಟೇಬಲ್ಲಿಗೆ ಬಂತು. ನನ್ನ ಸಹಿ ಇಲ್ಲದೆ ಅದರ ಬಾಗಿಲು ತೆರೆಯುವಂತಿಲ್ಲ. ಹೋಗಿ ನೋಡಿದರೆ ನೆಲದಿಂದ ಮಾಡಿನ ತನಕ ನಾಲ್ಕೂ ಗೋಡೆಗೆ ಬಂಗಾರ ಬಣ್ಣದ ಫೋಮ್ ಶೀಟು, ಉಗುರಿನಿಂದ ಒತ್ತಿದರೆ ಒಳಗೆ ಹೋಗುವಂಥದ್ದು. ಅಲ್ಲೇ ದೀಪ, ಅಲ್ಲೇ ಆರತಿ, ನಡುವೆ ಊರ ಮಂದಿ, ಅವರ ನಡುವೆ ನನ್ನ ಮಗಳು. ಸಹಿ ಹಾಕುವುದಿಲ್ಲ ಎಂದೆ.

ಮನೆಯಲ್ಲಿ ನನ್ನ ಗಂಡ ಮಾತು ಬಿಟ್ಟರು. ಬೀಗತಿ, ಅಂದರೆ ಅಳಿಯನ ತಾಯಿ, ಫೋನ್ ಮಾಡಿ ಪತ್ರಿಕೆ ಹಂಚಿ ಆಗಿದೆ ಎಂದು ಮೂರು ಸಲ ಹೇಳಿದರು. ಬದಲಿ ಮಂಟಪ ಎಲ್ಲೂ ಖಾಲಿ ಇರಲಿಲ್ಲ. ನನಗೂ ಹೆದರಿಕೆ ಆಗಿತ್ತು. ಆದರೆ ಕಂಡವರ ಮಕ್ಕಳ ಮದುವೆಗೆ ಬೇಡವೆಂದದ್ದನ್ನು ನನ್ನ ಮಗಳ ಮದುವೆಗೆ ಹೇಗೆ ಒಪ್ಪಲಿ? ಹಾಕಲಿಲ್ಲ.

ಕೊನೆಗೆ ಮಂಟಪದ ಸಾಹುಕಾರರು ನನ್ನನ್ನು ಅಲ್ಲಿಗೇ ಕರೆಸಿದರು. ಶೀಟು ಮಾರಿದ ವ್ಯಾಪಾರಿಯನ್ನು ಬಾಜು ಕೂರಿಸಿಕೊಂಡಿದ್ದರು. ಇದನ್ನು ಕಂಡರೆ ಬೆಂಕಿಯೇ ಹಿಂದೆ ಸರಿಯುತ್ತದೆ ಎಂದು ಅವನು ಆಣೆ ಮಾಡಿ ಹೇಳಿದ. ಸಾಹುಕಾರರು ಇನ್ನೇನು ಬೇಕು ಎನ್ನುವಂತೆ ನನ್ನ ಮುಖ ನೋಡಿದರು. ನಾನು ಮಂಟಪದ ಕಾವಲುಗಾರನಿಂದ ಕಡ್ಡಿಪೆಟ್ಟಿಗೆ ತರಿಸಿದೆ.

"ಹತ್ತೂದಿಲ್ಲ ಅಂದ ಮ್ಯಾಲೆ ಚಿಂತಿಲ್ಲ. ಇಬ್ಬರೂ ಕುರ್ಚಿ ಗ್ವಾಡಿಗೆ ಹಚ್ಚಿ ಕುಂದರ್ರಿ. ನಾ ಒಂದ ಕಡ್ಡಿ ಗೀರಿ ಶೀಟಿಗೆ ಹಿಡೀತೀನಿ. ಹತ್ತಲಿಲ್ಲಂದ್ರ ನಿಂತ ಕಾಲ ಮ್ಯಾಲೆ ಸಹಿ ಹಾಕ್ತೀನಿ."

ಸಾಹುಕಾರರು ಮೀಸೆ ತಿರುವಿ, ಗೋಡೆಗೆ ಒರಗಿ ಕೂತರು. ನಾನು ಕಡ್ಡಿ ತೆಗೆದೆ, ಇನ್ನೂ ಗೀರಿರಲಿಲ್ಲ. ಹೊರಗೆ ಬೈಕ್ ಶುರುವಾದ ಸದ್ದು ಕೇಳಿತು. ನೋಡಿದರೆ ವ್ಯಾಪಾರಿಯ ಕುರ್ಚಿ ಖಾಲಿ, ಅವನ ಒಂದು ಚಪ್ಪಲಿ ಹೊಸ್ತಿಲಲ್ಲೇ ಬಿದ್ದಿತ್ತು. ಸಾಹುಕಾರರು ಮೆಲ್ಲಗೆ ಎದ್ದು ನನ್ನ ಕೈಯಿಂದ ಕಡ್ಡಿ ಇಸಿದುಕೊಂಡರು.

ಆ ಮಧ್ಯಾಹ್ನವೇ ಶೀಟು ಕೀಳಿಸಿದರು. ಗೋಡೆ ಒರೆಸಿ ಸುಣ್ಣ ಬಳಿಯುವಷ್ಟರಲ್ಲಿ ಮದುವೆ ದಿನ ಬಂತು, ಸುಣ್ಣ ಆರಲಿಲ್ಲ. ನಾನು ಸಹಿ ಹಾಕಿದೆ, ಮದುವೆ ಅಲ್ಲೇ ಆಯಿತು. ಅಕ್ಕಿಕಾಳು ಹಾಕಿ ಗೋಡೆಗೆ ಒರಗಿ ನಿಂತ ಗಂಡಿನ ಕಡೆಯವರೆಲ್ಲ ರೇಷ್ಮೆ ಸೀರೆ, ಕರಿ ಕೋಟು ಎನ್ನದೆ ಬೆನ್ನು ಬೆಳ್ಳಗೆ ಮಾಡಿಕೊಂಡು ಊಟಕ್ಕೆ ಬಂದರು. ಬೀಗತಿ ನನ್ನ ಮುಂದೆ ಬಂದು ಬೆನ್ನು ತಿರುಗಿಸಿ ನಿಂತು, ನಿಮ್ಮ ನಿಯಮ ಅಂದರೆ ಇದೇನಾ ಎಂದು ಕೇಳಿದರು.

"ಹೌದ್ರಿ ಬೀಗತ್ಯಾರ," ಎಂದೆ. "ಸುಣ್ಣ ಜಾಡಿಸಿದ್ರ ಹೋಗ್ತೈತಿ. ಬೆಂಕಿ ಹತ್ತಿದ್ರ ಬೆನ್ನ ತೋರ್ಸಾಕ ನೀವು ಇರ್ತಿದ್ದಿಲ್ಲ, ನೋಡಾಕ ನಾನೂ ಇರ್ತಿದ್ದಿಲ್ಲ."

ಬೀಗತಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಬಾಸಿಂಗ ಕಟ್ಟಿಕೊಂಡು ಕೂತ ಮಗನ ಕಡೆ ತಿರುಗಿದರು.

"ತಮ್ಮಾ, ನಿಮ್ಮ ಅತ್ತಿ ಮುಂದ ಎಂದೂ ಸುಳ್ಳ ಹೇಳಬ್ಯಾಡ. ಕಡ್ಡಿ ಗೀರಿ ನೋಡೂ ಪೈಕಿ ಇದ್ದಾರ."